ಕಣ್ಣಿಗೆ ಕಾಣದ ಹುಳು

ವಿಜಯಪುರದ ನಮ್ಮ ಬೀದಿಗೆ ಹೊಸಬರು ಬಂದರೆ ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ. ರೇಷ್ಮೆಗೂಡು ಬೇಯಿಸಿ ನೂಲು ತೆಗೆದ ನೀರಿನ ವಾಸನೆ ಅದು. ನಮಗೆ ಅದು ಲೆಕ್ಕಕ್ಕಿಲ್ಲ. ನಮ್ಮನ್ನು ಕಾಡಿದ್ದು ಹೊಗೆ. ಅಮ್ಮ ಮದುವೆಯಾಗಿ ಬಂದಾಗಿನಿಂದ ನೂಲು ತೆಗೆಯುವ ಶೆಡ್ಡೊಂದರಲ್ಲಿ ಕುದಿಯುವ ಬೇಸಿನ್ ಮುಂದೆ ಕೂತವಳು. ಕೆಳಗೆ ಸೌದೆ ಒಲೆ, ಮೇಲೆ ತಗಡಿನ ಸೂರು. ಮಲಗಿದರೆ ಅವಳ ಎದೆ ಸಿಳ್ಳೆ ಹಾಕುತ್ತಿತ್ತು. ಹೊಗೆ ಬಿಡದಿದ್ದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಕೆಲಸ ಬಿಡು ಎಂದರೆ ಅಮ್ಮ ನನ್ನ ಮೇಲೇ ರೇಗುತ್ತಿದ್ದಳು.

ಚರಂಡಿಗೆ ಬಿಡುವ ನೀರಿನ ಬಗ್ಗೆ ಅಕ್ಕಪಕ್ಕದವರ ದೂರು ಹೆಚ್ಚಾಗಿ, ಶೆಡ್ಡಿನ ಯಜಮಾನರು ಹಿತ್ತಲಲ್ಲಿ ಗ್ಯಾಸ್ ಗುಂಡಿ ಕಟ್ಟಿಸಿದರು. ಗೂಡು ಬೇಯಿಸಿದ ನೀರೆಲ್ಲ ಅದಕ್ಕೆ ಹೋಗಿ ಕೊಳೆತು, ಅಲ್ಲಿ ಏಳುವ ಗ್ಯಾಸು ಪೈಪಿನಲ್ಲಿ ವಾಪಸ್ ಶೆಡ್ಡಿಗೆ ಬರುತ್ತಿತ್ತು. ಬಂದದ್ದು ಒಂದು ಒಲೆಗೆ ಸಾಕಾಗುತ್ತಿತ್ತು. ಕಿಟಕಿ ಪಕ್ಕದ ಆ ಒಲೆಗೆ ಯಜಮಾನರು ಅಮ್ಮನನ್ನೇ ಕೂರಿಸಿದರು, ಅವಳ ಕೆಮ್ಮು ಕೇಳಲಾರದೆ ಇರಬೇಕು. ನೀಲಿ ಉರಿ, ಹೊಗೆಯ ಸುಳಿವಿಲ್ಲ. ದಸರೆಯ ಹೊತ್ತಿಗೆ ಅಮ್ಮ ಮಧ್ಯೆ ಉಸಿರಿಗೆ ನಿಲ್ಲದೆ ನನ್ನನ್ನು ಬೈಯುವಷ್ಟು ಸುಧಾರಿಸಿದ್ದಳು. ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಗುಂಡಿ ಕಟ್ಟಿದ ಇಂಜಿನಿಯರ್ ಹುಡುಗ ಹೊರಡುವಾಗ ಅಮ್ಮನಿಗೆ ಹೇಳಿದ್ದ: "ಅಮ್ಮಾ, ಇದ್ರೊಳಗೂ ಜೀವ ಇರುತ್ತೆ, ಗ್ಯಾಸ್ ಮಾಡೋದು ಅವೇ. ಕಣ್ಣಿಗೆ ಕಾಣಲ್ಲ ಅಷ್ಟೆ. ರೇಷ್ಮೆ ಹುಳ ಸಾಕ್ದಂಗೆ ಜೋಪಾನ ಮಾಡ್ಕೊಳ್ಳಿ."

ಹೋಲಿಕೆ ಕೊಡುವವರು ಅದು ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ಹೇಳಿ ಹೋಗಬೇಕು. ಅಮ್ಮ ಹುಟ್ಟಿದ್ದು ಅನುಗೊಂಡನಹಳ್ಳಿ ಕಡೆಯ ಹುಳು ಸಾಕುವ ಮನೆಯಲ್ಲಿ. ಹುಳು ಪೊರೆ ಬಿಡಲು ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಸುಮ್ಮನಾದರೆ ಅಲ್ಲಿ ಜ್ವರಕ್ಕೆ ಕೂತವು ಎನ್ನುತ್ತಾರೆ. ಜ್ವರದಿಂದ ಎದ್ದ ಹುಳುವಿಗೆ ರೋಗ ತಗಲದಂತೆ ಸುಣ್ಣ, ಬ್ಲೀಚಿಂಗ್ ಪುಡಿ ಉದುರಿಸುತ್ತಾರೆ. ಆ ಮಾರ್ಗಶಿರದ ಚಳಿಗೆ ಗ್ಯಾಸಿನ ಉರಿ ಸಣ್ಣಗಾಯಿತು. ಚಳಿಗೆ ಹಾಗಾಗುವುದು ಸಹಜ, ಬಿಸಿಲೇರಿದರೆ ಸರಿಹೋಗುತ್ತದೆ ಎಂದು ನಮಗೆ ತಿಳಿದದ್ದು ತಡವಾಗಿ.

"ಜ್ವರಕ್ಕೆ ಕೂತವೆ ಕಣೇ. ಎದ್ದೇಳ್ತವೆ, ಸ್ವಲ್ಪ ಪುಡಿ ಹಾಕ್ಬೇಕು," ಎಂದಳು ಅಮ್ಮ.

ಯಾರನ್ನೂ ಕೇಳಲಿಲ್ಲ. ಹುಳುಮನೆಗೆ ಹೋಗುವವಳ ಹಾಗೆ ಕೈಕಾಲು ತೊಳೆದುಕೊಂಡು, ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ ಗುಂಡಿಯ ಬಾಯಿಗೆ ಸುರಿದಳು. ಉರಿ ಇನ್ನೂ ಕುಗ್ಗಿತು. ರೋಗ ಜೋರಾಗಿದೆ ಎಂದು ಇನ್ನಷ್ಟು ಸುರಿದಳು. ವಾರದೊಳಗೆ ಒಲೆ ಆರಿತು.

ಇಂಜಿನಿಯರ್ ಬಂದು ನೋಡಿ ತಲೆ ಚಚ್ಚಿಕೊಂಡ. "ಯಾರ್ರೀ ಬ್ಲೀಚಿಂಗ್ ಹಾಕಿದ್ದು? ಒಂದೂ ಉಳ್ದಿಲ್ಲ!" ಯಜಮಾನರು ಅಮ್ಮನನ್ನು ಒಂದು ಮಾತೂ ಅನ್ನಲಿಲ್ಲ. ಇದರ ಉಸಾಬರಿಯೇ ಸಾಕಪ್ಪಾ ಎಂದು ಗುಂಡಿ ಮುಚ್ಚಿಸಿ, ಮತ್ತೆ ಸೌದೆ ತರಿಸಿದರು.

ಬದುಕಿಡೀ ಹುಳುವನ್ನು ಕುದಿನೀರಿನಲ್ಲಿ ಬೇಯಿಸಿದವಳು ಅಮ್ಮ. ಒಮ್ಮೆಯೂ ಅಯ್ಯೋ ಅಂದವಳಲ್ಲ, ಅದು ಕಸುಬು. ಈ ಕಾಣದ ಹುಳುಗಳಿಗೆ ಮಾತ್ರ ಸೂತಕ ಬಂದವಳ ಹಾಗೆ ಊಟ ಬಿಟ್ಟಳು. ಸಾಕಲೆಂದು ಕೈಗೆ ಕೊಟ್ಟದ್ದನ್ನು ಕೊಂದೆನಲ್ಲ ಎಂಬುದು ಅವಳ ಸಂಕಟ. ಕಿಟಕಿ ಪಕ್ಕದ ಜಾಗ ಇನ್ನೂ ಅವಳಿಗೇ ಇತ್ತು. ಅದನ್ನು ಬಿಟ್ಟು, ಹೊಗೆ ಕಟ್ಟಿ ನಿಲ್ಲುವ ಒಳಮೂಲೆಯ ಒಲೆಗೆ ಹೋಗಿ ಕೂತಳು. ನಾನು ಬೈದೆ, ಕಣ್ಣೀರಿಟ್ಟೆ, ಕೈ ಹಿಡಿದು ಎಳೆದೆ.

"ಬಿಡೇ. ಅವುನ್ನ ಸಾಯ್ಸಿದ್ದು ನಾನು. ಈ ಹೊಗೆ ಇನ್ಯಾರು ಕುಡೀಬೇಕು?"

ಮುಂದಿನ ಮಾರ್ಗಶಿರಕ್ಕೆ ಅಮ್ಮ ಇರಲಿಲ್ಲ.

ಆ ಹುಡುಗನ ಮೇಲೆ ನನಗೆ ಈಗಲೂ ಕೋಪವಿದೆ. ಇವಕ್ಕೆ ಪುಡಿ ಹಾಕಬೇಡಿ ಎಂದು ಇನ್ನೊಂದು ಮಾತು ಹೇಳಿದ್ದರೆ ಅವಳು ಖಂಡಿತ ಕೇಳುತ್ತಿದ್ದಳು. ಅವನು ಹುಳ ಸಾಕಿದಂತೆ ನೋಡಿಕೊಳ್ಳಿ ಎಂದ. ಅಮ್ಮ ಹಾಗೆಯೇ ನೋಡಿಕೊಂಡಳು.