ಎಡಗೈಯ ಚಿನ್ನದ ನಾಣ್ಯ

ಉಳಿರಾಯನಿಗೆ ಕುರ್ಚಿಯ ಮೇಲೆ ಕೂತವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಏನು ಮಾಡೀತು? ಸರ್ಕಾರದ ಟಂಕಸಾಲೆಯಲ್ಲಿ ಮೂವತ್ತೆಂಟು ವರ್ಷ ನಾಣ್ಯದ ಅಚ್ಚು ಕೊರೆದವನು ಅವನು. ಅಷ್ಟರಲ್ಲಿ ಹನ್ನೊಂದು ನಿರ್ದೇಶಕರು ಬಂದು ಹೋದರು. ಉಳಿಯ ಯಾವ ತುದಿ ಕೆಳಗಿರಬೇಕು ಅನ್ನುವುದು ಒಬ್ಬನಿಗೂ ಗೊತ್ತಿರಲಿಲ್ಲ. ಹನ್ನೊಂದನೆಯವನು ಮೀನುಗಾರಿಕೆ ಇಲಾಖೆಯಿಂದ ವರ್ಗವಾಗಿ ಬಂದಿದ್ದ. ಉಳಿರಾಯ ಅವನಿಗೆ ಮೀನು ಸಾಹೇಬ ಎಂದು ಹೆಸರಿಟ್ಟು, ಹಿಂದಿನಿಂದ ಮಾತ್ರ ಕರೆಯುತ್ತಿದ್ದ.

ಉಳಿರಾಯನದು ಕಿಟಕಿ ಪಕ್ಕದ ಬೆಂಚು. ಮುಂದೆ ಚರ್ಮದ ದಿಂಬು, ಅದರ ಮೇಲೆ ಉಕ್ಕಿನ ಅಚ್ಚು, ಕಣ್ಣಿಗೆ ಭೂತಕನ್ನಡಿ. ಕೈ ನಡುಗೀತೆಂದು ಮನೆಯಲ್ಲಿ ನೀರಿನ ಬಕೆಟ್ಟನ್ನೂ ಎತ್ತಿದವನಲ್ಲ. ಅದೆಲ್ಲ ಹೆಂಡತಿಯ ಪಾಲು. ಅವನು ಸಂಜೆ ಮನೆಗೆ ಬಂದು, ಆ ದಿನ ಯಾವ ಅಧಿಕಾರಿ ಎಂಥ ದಡ್ಡತನ ಮಾಡಿದ ಅನ್ನುವುದನ್ನು ಊಟ ಮುಗಿಯುವವರೆಗೂ ಹೇಳುತ್ತಿದ್ದ. ಅವಳು ಹೂಂ ಅನ್ನುತ್ತ ಬಡಿಸುತ್ತಿದ್ದಳು.

ದೇಶ ಸ್ವತಂತ್ರವಾಗಿ ಐವತ್ತು ವರ್ಷ ತುಂಬುವಾಗ ಚಿನ್ನದ ನಾಣ್ಯ ತರಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ಐನೂರೇ ಐನೂರು, ಎಲ್ಲವೂ ದೊಡ್ಡವರಿಗೆ. ಉಳಿರಾಯ ಮೂಗು ಮುರಿದ. ಅಂಗಡಿಗೆ ಒಯ್ದರೆ ಬೆಂಕಿಪೊಟ್ಟಣವನ್ನೂ ಕೊಡದ ನಾಣ್ಯ, ಅದೂ ಒಂದು ನಾಣ್ಯವೇ ಎಂದ. ಆದರೆ ಆ ಹಾಳು ನಾಣ್ಯದ ಮೇಲೆ ಅವನಿಗೆ ಆಸೆಯೂ ಇತ್ತು, ಹೊಟ್ಟೆಯೊಳಗಿನ ಆಸೆ. ನಾಣ್ಯದಲ್ಲಿ ಮಂತ್ರಿಯ ಹೆಸರು ಬಂದೀತು, ಕೊರೆದವನ ಗುರುತು ಎಂದೂ ಬರುವುದಿಲ್ಲ. ತನ್ನದೊಂದು ಅಕ್ಷರ ಹಾಕಿಕೊಳ್ಳುತ್ತೇನೆಂದು ಅವನು ಮೂರು ಸಲ ಅರ್ಜಿ ಕೊಟ್ಟಿದ್ದ. ಆ ತಿಂಗಳ ಕೊನೆಗೆ ನಿವೃತ್ತಿಯಾಗುತ್ತಾನಲ್ಲ, ಹಾಳಾಗಿ ಹೋಗಲಿ ಅಂತ ಈ ಸಲ ಒಪ್ಪಿಗೆ ಸಿಕ್ಕಿತು. ಚಿತ್ರದ ಪಾದದ ಕೆಳಗೆ, ಎಳ್ಳಿಗಿಂತ ಚಿಕ್ಕದಾಗಿ, ಒಂದೇ ಅಕ್ಷರ. ಹೆಂಡತಿ ಅಂದೇ ಬೀದಿಯ ಎಲ್ಲ ಮನೆಗೂ ಹೋಗಿ ಹೇಳಿ ಬಂದಳು.

ಚಿತ್ರವೆಂದರೆ, ಒಬ್ಬ ಹೆಂಗಸು ಬಲಗೈ ಎತ್ತಿ ಪ್ರತಿಜ್ಞೆ ಮಾಡುತ್ತಿರುವುದು. ಬರಹವೆಲ್ಲ ನಾಣ್ಯದ ಇನ್ನೊಂದು ಬದಿಗೆ. ಅಚ್ಚಿನಲ್ಲಿ ಎಲ್ಲವನ್ನೂ ತಿರುಗಿಸಿ ಕೊರೆಯಬೇಕು. ಅಲ್ಲಿ ಎಡಗೈ ಇದ್ದರೆ ನಾಣ್ಯದಲ್ಲಿ ಬಲಗೈ ಮೂಡುತ್ತದೆ. ಗೇಟಿನ ಕಾವಲುಗಾರನಿಗೂ ಗೊತ್ತಿದ್ದ ವಿಷಯ. ಐದು ಜನರ ಕಮಿಟಿ ಕಟ್ಟಿಕೊಂಡು ಅಚ್ಚು ನೋಡಲು ಬಂದ ಮೀನು ಸಾಹೇಬನಿಗೆ ಗೊತ್ತಿರಲಿಲ್ಲ.

“ಏನ್ರೀ ಇದು, ದೇಶ ಎಡಗೈ ಎತ್ತಿ ಆಣೆ ಇಡುತ್ತಾ?” ಎಂದ.

ಅಚ್ಚಿನಲ್ಲಿ ಹಾಗೇ ಇರಬೇಕೆಂದು ಉಳಿರಾಯ ಹೇಳಿದ. ಕಮಿಟಿಯವರು ಎದುರುತ್ತರ ಬೇಡವೆಂದರು. ಮರುದಿನ ಫೈಲು ಬಂತು: ‘ಅಚ್ಚಿನಲ್ಲಿರುವ ಎಡಗೈಯನ್ನು ಬಲಗೈಯಾಗಿ ತಿದ್ದತಕ್ಕದ್ದು.’ ಕೆಳಗೆ ಐದು ಸಹಿ. ಉಳಿರಾಯ ಅಚ್ಚನ್ನು ಮೇಣದಲ್ಲಿ ಒತ್ತಿ, ಆ ಮೇಣದ ಬಿಲ್ಲೆಯನ್ನು ಒಯ್ದು ಸಾಹೇಬನ ಮೇಜಿನ ಮೇಲಿಟ್ಟ. ಅದರಲ್ಲಿ ಬಲಗೈ ಚೆನ್ನಾಗಿ ಮೂಡಿತ್ತು. ಸಾಹೇಬ ನೋಡಿದ, ಅವನ ಕಿವಿ ಕೆಂಪಾಯಿತು.

“ಅರ್ಥ ಆಯ್ತು ಕಣ್ರೀ. ಆದ್ರೆ ಫೈಲು ಮೇಲಕ್ಕೆ ಹೋಗಿಯಾಯ್ತು. ಈಗ ನಾವು ಐದೂ ಜನ ದಡ್ಡರು ಅಂತ ನನ್ನ ಕೈಯಾರೆ ಬರೆದು ಕಳಿಸಲಾ?”

ಬರೆದು ಕಳಿಸು ಅನ್ನಬೇಕೆಂದಿದ್ದ ಉಳಿರಾಯ ಮೇಣದ ಬಿಲ್ಲೆ ಎತ್ತಿಕೊಂಡು ಹೊರಗೆ ಬಂದ. ಪಿಂಚಣಿಯ ಕಾಗದಕ್ಕೆ ಸಹಿ ಹಾಕಬೇಕಾದವನೂ ಇದೇ ಪುಣ್ಯಾತ್ಮ.

ಹೊಸ ಉಕ್ಕು ತೆಗೆದುಕೊಂಡು, ಹಲ್ಲು ಕಚ್ಚಿಕೊಂಡು, ಒಂಬತ್ತು ದಿನದಲ್ಲಿ ತಪ್ಪು ಅಚ್ಚನ್ನು ಕೊರೆದ. ಕೆಲಸ ಮಾತ್ರ ಅಪ್ಪಟ. ಬೆರಳ ಗಿಣ್ಣುಗಳು ಕೂಡ ಒಂದೊಂದಾಗಿ ಎದ್ದು ಕಾಣುತ್ತಿದ್ದವು. ಕೊನೆಗೆ ಉಳಿದದ್ದು ಅವನ ಅಕ್ಷರ. ಉಳಿಯ ತುದಿಯನ್ನು ಚಿತ್ರದ ಪಾದದ ಕೆಳಗೆ ಇಟ್ಟ, ಇಟ್ಟುಕೊಂಡೇ ಕೂತ. ನಾಳೆ ಊರೆಲ್ಲ ಈ ಎಡಗೈ ನೋಡಿ ನಗುತ್ತದೆ, ನಗುತ್ತಲೇ ಅಕ್ಷರ ಹುಡುಕಿ ಇಂಥವನೇ ಮಾಡಿದ್ದು ಅನ್ನುತ್ತದೆ. ಆ ಐವರ ಕೊಳಕು ನನ್ನ ಹೆಸರಿಗೇಕೆ ಅಂಟಬೇಕು? ಉಳಿಯನ್ನು ತೆಗೆದು ಬಟ್ಟೆಯಲ್ಲಿ ಸುತ್ತಿಟ್ಟ. ಮೀನು ಸಾಹೇಬ ಟಾರ್ಚು ಹಿಡಿದು ಬಂದು, ಅಚ್ಚಿನಲ್ಲಿ ಬಲಗೈ ಇದೆಯೆಂದು ಖಾತ್ರಿ ಮಾಡಿಕೊಂಡು ಹೋದ. ಅಕ್ಷರ ಇಲ್ಲದ್ದು ಅವನಿಗೆ ಕಾಣಲಿಲ್ಲ.

ನಾಣ್ಯ ಹೊರಬಂತು. ಪತ್ರಿಕೆಯ ಮೊದಲ ಪುಟದಲ್ಲೇ ಅಂಗೈಯಗಲದ ಚಿತ್ರ. ಉಳಿರಾಯ ಅಷ್ಟರಲ್ಲಿ ನಿವೃತ್ತನಾಗಿ ಮನೆಯಲ್ಲಿದ್ದ. ಇನ್ನೇನು ಗುಲ್ಲೆದ್ದೀತು ಎಂದು ದಿನವೂ ಪತ್ರಿಕೆ ಕಾದ. ಓದುಗರ ಪತ್ರಗಳನ್ನು ಸಾಲು ಸಾಲು ಓದಿದ. ಒಬ್ಬ, ಒಬ್ಬನಾದರೂ ಆ ಎಡಗೈಯ ಮಾತೆತ್ತಬಾರದೇ! ಐನೂರು ದೊಡ್ಡವರೂ ಚಿನ್ನದ ತೂಕ ನೋಡಿದರೇ ಹೊರತು ಕೈ ನೋಡಲಿಲ್ಲ. ಎರಡು ತಿಂಗಳಿಗೆ ಮೀನು ಸಾಹೇಬನಿಗೆ ಬಡ್ತಿಯಾಯಿತು. ಥೂ, ಇಂಥ ಕುರುಡು ಜನಕ್ಕೆ ಚಿನ್ನ ಬೇರೆ ಕೇಡು ಎಂದು ಉಳಿರಾಯ ಬೆಳಗಿನಿಂದ ಸಂಜೆಯವರೆಗೆ ಬೈದ.

ಬಡ್ತಿಯಾದ ವಾರವೇ ಟಂಕಸಾಲೆಯಿಂದ ನಿವೃತ್ತಿಯ ನೆನಪಿಗೆಂದು ಒಂದು ಡಬ್ಬಿ ಬಂತು. ಅದೇ ನಾಣ್ಯ, ತಾಮ್ರದ್ದು, ಮೇಲೆ ಚಿನ್ನದ ನೀರು. ಹೆಂಡತಿ ಅವನ ಭೂತಕನ್ನಡಿ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು. ಬಹಳ ಹೊತ್ತು ಅಲ್ಲೇ ಬಾಗಿ ನಿಂತಿದ್ದಳು.

“ನಿಮ್ಮ ಅಕ್ಷರ ಎಲ್ಲಿದೆ ರೀ? ನನ್ನ ಕಣ್ಣಿಗೆ ಕಾಣ್ತಿಲ್ಲ.”

“ಇಲ್ಲ. ನಾನೇ ಹಾಕಲಿಲ್ಲ. ಕೈ ನೋಡು, ಎಡಗೈ. ಅದರ ಕೆಳಗೆ ನನ್ನ ಅಕ್ಷರ ಇದ್ದಿದ್ರೆ ಜನ ನಗ್ತಿರಲಿಲ್ವಾ?”

ಅವಳು ಕೈ ನೋಡಿದಳು. ಭೂತಕನ್ನಡಿ ಕೆಳಗಿಟ್ಟು ಗಂಡನ ಮುಖ ನೋಡಿದಳು.

“ಅಷ್ಟು ವರ್ಷ ದಿನಾ ರಾತ್ರಿ ದಡ್ಡರು ದಡ್ಡರು ಅಂತ ಬೈತಿದ್ರಲ್ಲ,” ಎಂದಳು. “ಆ ದಡ್ಡರು ನಗ್ತಾರೆ ಅಂತ ಹೆದರಿದ್ರಾ?”

ಉಳಿರಾಯ ಬಾಯಿ ತೆರೆದ. ಬೈಯಲು ಯಾರೂ ಸಿಗಲಿಲ್ಲ.