ಕರಿ ಶಾಲಿನ ನೀಲಿ ಪಟ್ಟಿ

ಥಾಯ್ಲೆಂಡಿನ ರಾಜಮಾತೆ ತೀರಿಕೊಂಡ ವರ್ಷದ ಚಳಿಗಾಲ ಅದು. ನಾನು ತೆಲಂಗಾಣದ ಗದ್ವಾಲದಲ್ಲಿ ಅತ್ತೆಯ ಜೊತೆ ಮಗ್ಗ ನೇಯುವವಳು; ಮನೆಮಾತು ಕನ್ನಡ, ಊರಮಾತು ತೆಲುಗು. ನಿಜ ಹೇಳಬೇಕಂದ್ರೆ ಅಂಥ ರಾಣಿಯೊಬ್ಬಳು ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ.

ಮಾಲಿ ಎಂಬ ಥಾಯ್ ಹೆಣ್ಣುಮಗಳು, ತೆಲುಗು ಬಲ್ಲ ಹೈದರಾಬಾದಿನ ಹೆಂಗಸೊಬ್ಬಳನ್ನು ಕರೆದುಕೊಂಡು, ಗದ್ವಾಲ ಸೀರೆ ನೋಡಲು ನಮ್ಮ ಮನೆಗೆ ಬಂದಿದ್ದಳು. ಅವಳೂ ನೇಯುವವಳೇ. ಹತ್ತಿಯ ಒಡಲಿಗೆ ರೇಷ್ಮೆ ಅಂಚನ್ನು ನಾವು ಕೈಯಲ್ಲೇ ಕೂಡಿಸುವುದು ಕಂಡು, ತನಗೊಂದು ಶಾಲು ಬೇಕೆಂದಳು. ರಾಣಿಗಾಗಿ ತನ್ನೂರವರೆಲ್ಲ ಪ್ರಾರ್ಥನೆಗೆ ಕೂರುವ ದಿನ ಹೊದೆಯಲಿಕ್ಕೆ. ಅವರಲ್ಲಿ ದುಃಖಕ್ಕೆ ಕಪ್ಪು ಬಣ್ಣ, ಹಾಗಾಗಿ ಒಡಲು ಅಂಚು ಎಲ್ಲಾ ಕಪ್ಪೇ ಇರಬೇಕು. "ಬ್ಯಾರೆ ಬಣ್ಣದ ಒಂದೆಳಿನೂ ಬೀಳಂಗಿಲ್ಲ" ಅಂತ ನಾನೇ ಮಾತು ಕೊಟ್ಟೆ.

ಇನ್ನೊಂದು ಮೊಳ ನೇಯುವುದಿತ್ತು. ಅಷ್ಟರಲ್ಲಿ ಅಕ್ಕನಿಗೆ ಆರಾಮಿಲ್ಲವೆಂದು, ಉಳಿದದ್ದನ್ನು ಅತ್ತೆಗೆ ಒಪ್ಪಿಸಿ ಅವಳೂರು ಮಕ್ತಲ್‌ಗೆ ಹೋದೆ. ಮಾಲಿ ಶಾಲು ಒಯ್ಯಲು ಬರುವ ದಿನ ಬೆಳಿಗ್ಗೆ ವಾಪಸು ಬಂದು ನೋಡಿದರೆ, ಕೊನೆಯ ಗೇಣಿನ ಹತ್ತಿರ ಎರಡು ಬೆರಳಗಲದ ನೀಲಿ ಪಟ್ಟಿ.

"ಅತ್ತಿ, ಏನಿದು?"

"ಬರೇ ಕರಿ ಬಟ್ಟಿ ಮಗ್ಗದಿಂದ ಇಳಿಸಬಾರದವ್ವ, ಒಂದು ಬಣ್ಣ ಮುಟ್ಟಿಸಬೇಕು. ನಮ್ಮತ್ತಿನೂ ಹಂಗೇ ಮಾಡ್ತಿದ್ಲು. ನೀಲಿ ನೂಲು ಸುತ್ತಿದ ಕಂಡಿಕಿ ಕೈಗೆ ಸಿಕ್ತು, ಹಾಕೀನಿ."

ನನಗೆ ಪಿತ್ತ ನೆತ್ತಿಗೇರಿತು. "ನಿಮ್ಮ ಶಾಸ್ತ್ರ ಒಲಿಗೆ ಹಾಕ್ರಿ. ದುಃಖದಾಗ ಇದ್ದಾಕಿಗೆ ನಾ ಹ್ಯಾಂಗ ಮಾರಿ ತೋರಿಸ್ಲಿ?" ಎಂದೆ. ಅತ್ತೆ ಹೋಗಿ, ಮಗ್ಗದ ಕೆಳಗೆ ಕಾಲು ಇಳಿಬಿಡುವ ಕುಣಿಯಲ್ಲಿ ಕುಳಿತರು. ಕತ್ತರಿಸಿದರೆ ಶಾಲು ಗಿಡ್ಡ ಆಗುತ್ತದೆ, ಬಿಚ್ಚಿ ನೇಯಲು ಹೊತ್ತಿಲ್ಲ. ಮಾಲಿ ಅಂದೇ ವಿಮಾನ ಹತ್ತುವವಳು.

ಆ ಹೈದರಾಬಾದಿನ ಹೆಂಗಸನ್ನು ಕರೆದುಕೊಂಡು ಅವಳು ಬಂದೇ ಬಿಟ್ಟಳು. ನಾನು ನೀಲಿಯನ್ನು ಒಳಮಡಿಕೆಯಲ್ಲಿ ಮುಚ್ಚಿ ಕೊಟ್ಟೆ. ನೇಯುವವಳಲ್ಲವೇ, ಪೂರಾ ಬಿಚ್ಚಿ ನೋಡಿದಳು. ನೀಲಿಯ ಮೇಲೆ ಅವಳ ಕೈ ನಿಂತಿತು.

ಮಾಲಿ ಆ ಪಟ್ಟಿಯನ್ನು ಕಣ್ಣಿಗೆ ಒತ್ತಿಕೊಂಡು ಅಳತೊಡಗಿದಳು.

ಸಂಗಡ ಬಂದಾಕೆ ತೆಲುಗಿನಲ್ಲಿ ಬಿಡಿಸಿ ಹೇಳಿದಳು. ಅವರಲ್ಲಿ ವಾರದ ಒಂದೊಂದು ದಿನಕ್ಕೂ ಒಂದೊಂದು ಬಣ್ಣವಂತೆ. ರಾಣಿ ಹುಟ್ಟಿದ್ದು ಶುಕ್ರವಾರ, ಶುಕ್ರವಾರದ ಬಣ್ಣ ನೀಲಿ. ಮಾಲಿಯ ಅವ್ವನ ಕಾಲಕ್ಕೆ ಅವರೂರಲ್ಲಿ ಮಗ್ಗಗಳು ಮೂಲೆ ಸೇರಿದ್ದವಂತೆ. ಆ ರಾಣಿ ಹಳ್ಳಿ ಹೆಂಗಸರು ನೇಯ್ದ ರೇಷ್ಮೆಯನ್ನೇ ಉಟ್ಟು ದೇಶ ದೇಶ ತಿರುಗಿದ ಮೇಲೆ ಆ ಮಗ್ಗಗಳು ಮತ್ತೆ ನಡೆದವಂತೆ. ಇದ್ಯಾರು ಹಾಕಿದ್ದು ಎಂದು ಮಾಲಿ ಕೇಳಿದಳು. ನಾನು ಕುಣಿಯ ಕಡೆ ಕೈ ತೋರಿಸಿದೆ.

ಅವಳು ಹೋಗಿ ಅತ್ತೆಯ ಮುಂದೆ ನೆಲದ ಮೇಲೆ ಕುಳಿತು ಕೈ ಮುಗಿದಳು. ಅತ್ತೆ ಗಾಬರಿಯಾದರು. "ಗೊತ್ತಿದ್ದು ಹಾಕಿದ್ದಲ್ಲವ್ವ" ಎಂದು ಅವಳ ತಲೆ ಸವರಿದರು. "ಆ ರಾಣಿ ಮಗ್ಗಕ್ಕ ಅನ್ನ ಹಾಕಿದಾಕಿ ಅಂತೀ, ನೀಲಿ ಆಕಿಗೇ ಮುಟ್ಟಲಿ ಬಿಡು."

ನನಗೆ ಹೋದ ಜೀವ ಬಂದಂತಾಯಿತು.

ಅವತ್ತು ಆಡಿದ ಮಾತಿಗೆ ಅತ್ತೆಯಲ್ಲಿ ನಾನಿನ್ನೂ ತಪ್ಪಾಯಿತು ಅಂದಿಲ್ಲ, ಬಾಯೇ ಬರುವುದಿಲ್ಲ. ಆದರೆ ಕರಿ ಬಟ್ಟೆ ಮುಗಿಯಲು ಬಂದಾಗ ಎದ್ದು, ಲಾಳಿಯನ್ನು ಅವರ ಕೈಗೆ ಕೊಡುತ್ತೇನೆ. ಯಾವ ಬಣ್ಣ ಹಾಕುತ್ತೀರಿ ಅಂತ ಕೇಳುವುದಿಲ್ಲ.