ಗಿರಿಜಕ್ಕ ಒಪ್ಪದ ಪಾಠ

ಮೊನ್ನೆ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಯಾರಿಗೋ ಫಿಟ್ಸ್ ಬಂತು. ಬಿದ್ದವರ ಕೈಗೆ ತುರುಕಲು ನಾಲ್ಕೂ ಕಡೆಯಿಂದ ಬೀಗದಕೈ ಗೊಂಚಲುಗಳು ಬಂದವು. ಕೈಯಲ್ಲಿ ಕಬ್ಬಿಣ ಇಟ್ಟರೆ ಫಿಟ್ಸ್ ನಿಲ್ಲುತ್ತದೆ ಎಂಬ ನಂಬಿಕೆ ನಿಮಗೂ ಗೊತ್ತಿರುವುದೇ. ಸ್ವಲ್ಪ ಹೊತ್ತಿಗೆ ಅವರು ಎದ್ದು ಕೂತರು. ನನಗೆ ಗಿರಿಜಕ್ಕ ನೆನಪಾದರು.

ನಿವೃತ್ತನಾಗಿ ಮನೆಯಲ್ಲಿ ಕೂತು ಹೆಂಡತಿಯ ಅಡುಗೆಗೆ ಸಲಹೆ ಕೊಡತೊಡಗಿದಾಗ, ಅವಳೇ ನನ್ನನ್ನು ರೋಗಿಗಳ ಆರೈಕೆ ಕಲಿಸುವ ತರಗತಿಗೆ ಅಟ್ಟಿದ್ದಳು. ಈ ವಯಸ್ಸಿನಲ್ಲಿ ತಲೆಗೆ ಏನೂ ಹತ್ತುವುದಿಲ್ಲ ಎಂದು ಮೊದಲೇ ತೀರ್ಮಾನಿಸಿಕೊಂಡು ಹೋಗಿದ್ದರಿಂದ ಏನೂ ಹತ್ತಲಿಲ್ಲ. ಹಿಂದಿನ ಬೆಂಚು, ಫ್ಯಾನಿನ ಗಾಳಿ, ಸಣ್ಣ ನಿದ್ದೆ. ಹೈಸ್ಕೂಲಿನ ನನ್ನ ಸಾಧನೆಗಳೆಲ್ಲ ಮರಳಿ ಬಂದವು. ಭದ್ರಾವತಿಯಿಂದ ಬರುತ್ತಿದ್ದ ಗಿರಿಜಕ್ಕನದು ಮುಂದಿನ ಬೆಂಚು. ಗಂಡ ತೀರಿಕೊಂಡ ಮೇಲೆ ಅವರಿಗೆ ಕೆಲಸ ಬೇಕೇ ಬೇಕಿತ್ತು. ಸರ್ಟಿಫಿಕೇಟ್ ತಂದರೆ ಸೇರಿಸಿಕೊಳ್ಳುತ್ತೇವೆ ಎಂದು ಅಲ್ಲಿನ ಒಂದು ನರ್ಸಿಂಗ್ ಹೋಮಿನವರು ಹೇಳಿದ್ದರು. ಬಿ.ಪಿ. ನೋಡುವುದಿರಲಿ, ಮಲಗಿದವರ ಹಾಸಿಗೆ ಬದಲಿಸುವುದಿರಲಿ, ಎಲ್ಲದರಲ್ಲೂ ಅವರೇ ಮುಂದು.

ಫಿಟ್ಸ್ ಪಾಠದಲ್ಲಿ ಮಾತ್ರ ಹಟ. ಬಾಯಿಗೆ, ಕೈಗೆ ಏನೂ ಕೊಡಬೇಡಿ, ಮಗ್ಗುಲಿಗೆ ತಿರುಗಿಸಿ, ಪಕ್ಕದಲ್ಲೇ ಇರಿ ಎಂದು ಪಾಠ ಹೇಳುವ ಮೇಡಂ ಎಷ್ಟು ಸಲ ಹೇಳಿದರೂ, ಗಿರಿಜಕ್ಕ ಮೊದಲು ಅಭ್ಯಾಸದ ರಬ್ಬರ್ ಗೊಂಬೆಯ ಅಂಗೈಯಲ್ಲಿ ಬೀಗದಕೈ ಇಡುವರು. ಪರೀಕ್ಷೆಯಲ್ಲೂ ಇಟ್ಟರು, ಫೇಲಾದರು. ಮರುವಾರ ಇನ್ನೊಂದೇ ಅವಕಾಶವಿತ್ತು.

ಸಂಜೆ ಬಸ್ ಕಾಯುವಾಗ ನಾನು ದೊಡ್ಡ ಮನುಷ್ಯನಂತೆ ಬುದ್ಧಿ ಹೇಳಿದೆ. "ಕೆಲ್ಸ ಕೈತಪ್ಪುತ್ತೆ ಗಿರಿಜಕ್ಕ. ಅವ್ರು ಹೇಳ್ದಂಗೆ ಮಾಡಿ ಮುಗಿಸ್ಬಿಡಿ ಮಾರಾಯ್ರೆ."

ಅವರು ಬಸ್ ಬರುವ ದಾರಿಯನ್ನೇ ನೋಡುತ್ತಿದ್ದರು. "ನನ್ ತಮ್ಮಂಗೆ ಫಿಟ್ಸ್ ಬರ್ತಿತ್ತು ಅಣ್ಣ. ಒಂದಿನ ಮನೇಲಿ ನಾವಿಬ್ರೇ. ಬೋರಲು ಬಿದ್ದಿದ್ದ. ಗಾಬ್ರೀಲಿ ಒಂದು ಬೀಗದಕೈನೂ ಸಿಗ್ಲಿಲ್ಲ, ಕಬ್ಬಿಣ ಕೇಳೋಕೆ ಪಕ್ಕದ್ಮನೆಗೆ ಓಡ್ದೆ. ತರೋವಷ್ಟ್ರಲ್ಲಿ ಉಸಿರಿರ್ಲಿಲ್ಲ. ತರೋದು ತಡ ಆಯ್ತು ಅಂತ್ಲೇ ಇಷ್ಟು ವರ್ಷ ಅಂದ್ಕೊಂಡಿದೀನಿ. ಮೇಡಂ ಹೇಳೋದು ನಿಜ ಆದ್ರೆ, ನಾನು ಹೋಗ್ಲೇಬಾರ್ದಿತ್ತು. ಅಲ್ಲೇ ಇದ್ದು ಮಗ್ಗುಲಿಗೆ ತಿರುಗ್ಸಿದ್ರೆ ಸಾಕಿತ್ತು. ಅದನ್ನ ಕಲೀಲಾ ನಾನು?"

ಕಲಿಯದವರು ದಡ್ಡರು, ಇಲ್ಲವೇ ನನ್ನಂಥ ಸೋಮಾರಿಗಳು ಎಂದಷ್ಟೇ ತಿಳಿದಿದ್ದವನು ನಾನು. ಬಸ್ ಬಂತು, ಅವರು ಹತ್ತಿ ಹೋದರು.

ಮರುವಾರ ಅವರು ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಗೊಂಬೆಯ ಕೈಗೆ ಏನೂ ಕೊಡಲಿಲ್ಲ. ಮೆಲ್ಲಗೆ ಮಗ್ಗುಲಿಗೆ ತಿರುಗಿಸಿ, ತಲೆಯಡಿಗೆ ತಮ್ಮ ಶಾಲು ಮಡಚಿಟ್ಟು, ಪಕ್ಕದಲ್ಲಿ ಕೂತರು.

"ಪಾಸಾದ್ರಿ, ಏಳಿ" ಎಂದು ಮೇಡಂ ನಕ್ಕರು.

ಗಿರಿಜಕ್ಕ ಏಳಲಿಲ್ಲ. "ಇವ್ನಿನ್ನೂ ಎದ್ದಿಲ್ವಲ್ಲ ಮೇಡಂ" ಎಂದರು. "ಬಿಟ್ಟು ಹ್ಯಾಗೆ ಹೋಗ್ಲಿ?"

ಅವರೀಗ ಅದೇ ನರ್ಸಿಂಗ್ ಹೋಮಿನಲ್ಲಿ ಕೆಲಸದಲ್ಲಿದ್ದಾರೆ. ನನಗೆ ಮಾತ್ರ, ದೊಡ್ಡವರು ಯಾರಾದರೂ ಒಂದು ಪಾಠ ಬೇಡವೆಂದು ಹಟ ಹಿಡಿದರೆ ಈಗ ನಗು ಬರುವುದಿಲ್ಲ. ಅದರ ಹಿಂದೆ ಏನಿದೆಯೋ ಎಂದು ಭಯವಾಗುತ್ತದೆ.